ಕಸದ ಗುಡ್ಡದ ಅನಿಲ, ಹಸಿ ಕಸದ ಅನಿಲ: ಎರಡಕ್ಕೂ ಒಂದೇ ಲೆಕ್ಕ ಸಲ್ಲುತ್ತದೆಯೇ?

ಬಾವಿಕಾವಲು (ಚರ್ಚೆ ಆರಂಭಿಸಿದವರು)

ಲ್ಯಾಂಡ್‌ಫಿಲ್ (ಕಸ ಹೂಳುವ ಜಾಗ) ಅನಿಲದಿಂದ ವಿದ್ಯುತ್ ತೆಗೆಯುವ ಮಾತು ಬಂದಾಗಲೆಲ್ಲ ಜೈವಿಕ ಅನಿಲ ಸ್ಥಾವರಗಳ ಮಾತೂ ಅದರ ಬೆನ್ನಿಗೇ ಬರುತ್ತದೆ, ಎರಡೂ ಒಂದೇ ಎಂಬಂತೆ ಚರ್ಚೆ ಸಾಗಿಬಿಡುತ್ತದೆ. ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಅದು ತಪ್ಪಲ್ಲ. ಗಾಳಿಯಾಡದ ಕಡೆ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ಕೊಳೆಸಿದಾಗ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತವೆ. ಅದು ಮಣ್ಣು ಮುಚ್ಚಿದ ಕಸದ ರಾಶಿಯೊಳಗೆ ನಡೆದರೂ ಅಷ್ಟೇ, ಕಾಂಕ್ರೀಟ್ ತೊಟ್ಟಿಯೊಳಗೆ ನಡೆದರೂ ಅಷ್ಟೇ. 1776ರಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಮಾಜ್ಜೋರೆ ಸರೋವರದ ಕೆಸರಿನಿಂದ ಎದ್ದ ಗುಳ್ಳೆಗಳಲ್ಲಿ ಹಿಡಿದದ್ದೂ ಇದೇ ಮೀಥೇನನ್ನು. ಆದರೆ ಹನ್ನೊಂದು ವರ್ಷ ಕಸದ ಗುಡ್ಡದ ಮೇಲೆ ಅನಿಲ ಬಾವಿಗಳ (ಕಸದೊಳಗೆ ಇಳಿಸಿ ಅನಿಲ ಹೀರುವ ಕೊಳವೆಗಳ) ವಾಲ್ವು ತಿರುಗಿಸುತ್ತ ಬಂದ ನನಗೆ ಇವೆರಡರ ನಡುವಿನ ದೊಡ್ಡ ಅಂತರ ಕಾಲದ್ದು ಎನಿಸಿದೆ. ಅದನ್ನು ಇಲ್ಲಿ ಬಿಡಿಸಿ ಹೇಳಬೇಕೆಂದುಕೊಂಡಿದ್ದೇನೆ.

ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2006ರ ಮಾರ್ಗಸೂಚಿಯಲ್ಲಿ ಕಸ ಕೊಳೆಯುವ ದರಗಳನ್ನು ಕೊಟ್ಟಿದೆ. ಬೆಚ್ಚಗಿನ, ಮಳೆ ಹೆಚ್ಚಿರುವ ಪ್ರದೇಶಗಳಲ್ಲಿ ಆಹಾರ ತ್ಯಾಜ್ಯದ ದರ ವರ್ಷಕ್ಕೆ 0.4, ಕಾಗದ ಮತ್ತು ಬಟ್ಟೆಯದು 0.07, ಮರದ್ದು 0.035. ಅರ್ಧಾಯುಷ್ಯಕ್ಕೆ ತಿರುಗಿಸಿ ನೋಡಿದರೆ, ಆಹಾರ ತ್ಯಾಜ್ಯ ಕೊಡಬಹುದಾದ ಅನಿಲದಲ್ಲಿ ಅರ್ಧ ಭಾಗ ಸುಮಾರು 1.7 ವರ್ಷದಲ್ಲೇ ಹೊರಬಿದ್ದಿರುತ್ತದೆ. ಕಾಗದಕ್ಕೆ ಸುಮಾರು 10 ವರ್ಷ ಬೇಕು, ಮರಕ್ಕೆ 20. ಈಗ ಬಾವಿ ಯಾವಾಗ ಬರುತ್ತದೆ ಎಂದು ಕೇಳಿ. ಕಸ ಇನ್ನೂ ಬೀಳುತ್ತಿರುವ ಜಾಗದಲ್ಲಿ ಕೊರೆದರೆ ಬುಲ್‌ಡೋಜರಿನ ಕೆಳಗೆ ಕೊಳವೆ ನಜ್ಜುಗುಜ್ಜಾಗುತ್ತದೆ. ಮೇಲೆ ಸರಿಯಾದ ಹೊದಿಕೆ ಇಲ್ಲದೆ ಹೀರಿದರೆ ಅನಿಲಕ್ಕಿಂತ ಹೊರಗಿನ ಗಾಳಿಯೇ ಹೆಚ್ಚು ಬರುತ್ತದೆ. ಹಾಗಾಗಿ ಎಲ್ಲೆಡೆಯೂ ಕಾಯುತ್ತಾರೆ. ಅಮೆರಿಕದಲ್ಲಿ ನಿಯಮಕ್ಕೊಳಪಟ್ಟ ದೊಡ್ಡ ಲ್ಯಾಂಡ್‌ಫಿಲ್‌ಗಳಿಗೂ ಕಸ ಬೀಳುತ್ತಿರುವ ಭಾಗದಲ್ಲಿ 5 ವರ್ಷ, ಅಂತಿಮ ಎತ್ತರ ಮುಟ್ಟಿದ ಭಾಗದಲ್ಲಿ 2 ವರ್ಷದ ಗಡುವು ಇದೆ. ಅಷ್ಟು ಹೊತ್ತಿಗೆ ಹಸಿ ಕಸ ತನ್ನ ಪಾಲಿನ ಕೆಲಸವನ್ನು ಬಹುಪಾಲು ಮುಗಿಸಿರುತ್ತದೆ. ಲ್ಯಾಂಡ್‌ಫಿಲ್ ಸೇರಿದ ಆಹಾರ ತ್ಯಾಜ್ಯದಿಂದ ಹುಟ್ಟುವ ಮೀಥೇನಿನಲ್ಲಿ ಸುಮಾರು ಶೇ. 61ರಷ್ಟು ಅನಿಲ ಸಂಗ್ರಹಣಾ ಜಾಲಕ್ಕೆ ಸಿಗದೆ ಹೋಗುತ್ತದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ 2023ರಲ್ಲಿ ಅಂದಾಜು ಮಾಡಿತು.

ಆದ್ದರಿಂದ ನನ್ನ ನಿಲುವು ಇಷ್ಟು. ಈಗಾಗಲೇ ಹೂತುಹೋದ ಕಸಕ್ಕೆ ಬಾವಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನಾಳೆ ಬರುವ ಹಸಿ ಕಸವನ್ನು ಮಾತ್ರ ಗುಡ್ಡಕ್ಕೆ ಸುರಿದು, ಮುಂದೆ ಅನಿಲ ಹೀರಿಕೊಳ್ಳುತ್ತೇವೆ ಎನ್ನುವ ಯೋಜನೆಯನ್ನು ಯಾರೂ ಒಪ್ಪಬಾರದು. ಬಾವಿಗಳಿಂದ ಸಂಬಳ ಪಡೆದವನೇ ಈ ಮಾತು ಹೇಳುತ್ತಿದ್ದಾನೆ ಎಂಬುದನ್ನೂ ಗಮನಿಸಿ.

ಸಂದೇಹಿ

ಲೆಕ್ಕ ಚೆನ್ನಾಗಿದೆ, ಆದರೆ ಬುಡದ ಪ್ರಶ್ನೆ ಉಳಿದೇ ಇದೆ. ಕಸದ ಗುಡ್ಡದಿಂದ ಬರುವುದನ್ನು ನವೀಕರಿಸಬಹುದಾದ ಶಕ್ತಿ ಎಂದು ಯಾವ ಮುಖದಿಂದ ಕರೆಯುತ್ತೀರಿ? ಅದರಲ್ಲಿ ಪ್ಲಾಸ್ಟಿಕ್ಕೂ ಇದೆ. ಅಲ್ಲದೆ ಗುಡ್ಡದಿಂದ ಆದಾಯ ಬರತೊಡಗಿದರೆ ಗುಡ್ಡವನ್ನು ಬೆಳೆಸುವ ಆಸೆಯೂ ಹುಟ್ಟುತ್ತದೆ. ಇದಕ್ಕಿಂತ ಎಲ್ಲವನ್ನೂ ಸುಟ್ಟು ವಿದ್ಯುತ್ ತೆಗೆಯುವುದು ನೇರವಾದ ದಾರಿಯಲ್ಲವೇ?

ಬಾವಿಕಾವಲು

ಪ್ಲಾಸ್ಟಿಕ್ಕಿನ ಮಾತಿಗೆ ಉತ್ತರ ಸುಲಭ: ಸಾಮಾನ್ಯ ಪ್ಲಾಸ್ಟಿಕ್ಕನ್ನು ಈ ಜೀವಿಗಳು ಮುಟ್ಟುವುದಿಲ್ಲ. ಬಾವಿಯಲ್ಲಿ ಬರುವ ಮೀಥೇನಿನ ಇಂಗಾಲ ಗಿಡಗಳು ಇತ್ತೀಚೆಗೆ ಗಾಳಿಯಿಂದ ತೆಗೆದುಕೊಂಡದ್ದು. ಆ ಅರ್ಥದಲ್ಲಿ ಅದು ನವೀಕರಿಸಬಹುದಾದದ್ದೇ, ಗುಡ್ಡ ಅಕ್ಷಯಪಾತ್ರೆ ಅಲ್ಲದಿದ್ದರೂ. ನಿಜವಾದ ಲಾಭ ವಿದ್ಯುತ್ತಿನದಲ್ಲ ಎಂಬುದನ್ನೂ ಒಪ್ಪುತ್ತೇನೆ. ಒಂದು ಕಿಲೋ ಮೀಥೇನ್ ಉರಿದರೆ 2.75 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದೇ ಒಂದು ಕಿಲೋ ಉರಿಯದೆ ಆಕಾಶ ಸೇರಿದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 27 ಕಿಲೋ, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾಗಿ ಭೂಮಿಯನ್ನು ಕಾಯಿಸುತ್ತದೆ. ಎಂಜಿನ್ ಇಲ್ಲದೆ ಬರೀ ಫ್ಲೇರ್ (ಅನಿಲವನ್ನು ಸುಮ್ಮನೆ ಉರಿಸಿಬಿಡುವ ಕೊಳವೆ) ಹಚ್ಚಿದರೂ ಈ ಲಾಭದ ದೊಡ್ಡ ಪಾಲು ಕೈಗೆ ಬರುತ್ತದೆ; ವಿದ್ಯುತ್ತು ಆ ಕೆಲಸದ ಖರ್ಚು ತೂಗಿಸುವ ಉಪಾಯ ಎನ್ನಬಹುದು.

ಗುಡ್ಡ ಬೆಳೆಸುವ ಆಸೆಯ ಬಗ್ಗೆ ನಿಮ್ಮ ಅನುಮಾನ ಸರಿಯಾದದ್ದೇ. ಆದರೂ ಅದಕ್ಕೆ ಹೆದರಿ ಹಳೆಯ ಗುಡ್ಡಗಳನ್ನು ಹಾಗೇ ಬಿಡಬೇಕಾಗಿಲ್ಲ, ಏಕೆಂದರೆ ಕಸ ಹಾಕುವುದನ್ನು ಇಂದೇ ನಿಲ್ಲಿಸಿದರೂ ಕಾಗದ ಮತ್ತು ಮರದ ಅನಿಲ ದಶಕಗಳ ಕಾಲ ಬರುತ್ತಲೇ ಇರುತ್ತದೆ. ಕ್ಯಾಲಿಫೋರ್ನಿಯಾದ ಪಲೋಸ್ ವರ್ಡಿಸ್ ಲ್ಯಾಂಡ್‌ಫಿಲ್ಲಿನಲ್ಲಿ 1975ರಲ್ಲೇ ಅನಿಲವನ್ನು ಶುದ್ಧೀಕರಿಸಿ ಕೊಳವೆ ಜಾಲಕ್ಕೆ ಬಿಡಲಾಗಿತ್ತು. ಅದೇ ಪ್ರದೇಶದ ಪುಯೆಂತೆ ಹಿಲ್ಸ್ ಲ್ಯಾಂಡ್‌ಫಿಲ್ 2013ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿದ ಮೇಲೂ ಅದರ ಅನಿಲದಿಂದ ವಿದ್ಯುತ್ ಬರುವುದು ನಿಲ್ಲಲಿಲ್ಲ. ಹಸಿ ಕಸವನ್ನು ಬೇರೆ ದಾರಿಗೆ ತಿರುಗಿಸುವುದು ಮತ್ತು ಹಳೆಯ ಗುಡ್ಡದ ಅನಿಲ ಬಳಸುವುದು ಜೊತೆಜೊತೆಯಾಗಿ ನಡೆಯಬಲ್ಲ ಕೆಲಸಗಳು. ದಕ್ಷಿಣ ಕೊರಿಯಾ 2005ರಿಂದ ಆಹಾರ ತ್ಯಾಜ್ಯವನ್ನು ನೇರವಾಗಿ ಹೂಳುವುದನ್ನು ನಿಷೇಧಿಸಿತು. ಆದರೂ ಅಲ್ಲಿನ ಸುಡೊಕ್ವಾನ್ ಲ್ಯಾಂಡ್‌ಫಿಲ್ಲಿನಲ್ಲಿ ಅದಾದ ನಂತರವೇ 50 ಮೆಗಾವ್ಯಾಟ್ ಸಾಮರ್ಥ್ಯದ ಉಗಿ ಟರ್ಬೈನ್ ಸ್ಥಾವರ ಆರಂಭವಾಯಿತು.

ಸುಡುವ ಮಾತು ಒಣ ಕಸಕ್ಕಾದರೆ ಬೇರೆ ಚರ್ಚೆ. ಹಸಿ ಕಸದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಅದನ್ನು ಕುಲುಮೆಗೆ ಹಾಕಿದರೆ ಉರಿಯ ಶಾಖದ ದೊಡ್ಡ ಪಾಲು ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ.

ತೊಟ್ಟಿಪಾಲಕಿ

ಬಾವಿಕಾವಲು ಅವರ ವಾದ ನನಗೆ ಒಪ್ಪಿಗೆ, ಆದರೆ ಕೇಳುವವರು ಹಸಿ ಕಸವನ್ನು ಡೈಜೆಸ್ಟರಿಗೆ (ಕಸ ಕೊಳೆಸಿ ಅನಿಲ ತೆಗೆಯುವ ಮುಚ್ಚಿದ ತೊಟ್ಟಿಗೆ) ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದುಕೊಳ್ಳುವ ಅಪಾಯವಿದೆ. ಒಂದು ಟನ್ ಆಹಾರ ತ್ಯಾಜ್ಯದಿಂದ ಸಾಮಾನ್ಯವಾಗಿ 100ರಿಂದ 150 ಘನ ಮೀಟರ್ ಜೈವಿಕ ಅನಿಲ ಸಿಗುತ್ತದೆ, ಅದರಲ್ಲಿ ಮೀಥೇನ್ ಶೇ. 60ರ ಆಸುಪಾಸು. ಶೇ. 38ರ ದಕ್ಷತೆಯ ಎಂಜಿನ್ನಿಗೆ ಕೊಟ್ಟರೆ ಸುಮಾರು 230ರಿಂದ 340 ಯೂನಿಟ್ ವಿದ್ಯುತ್ತು ಬರಬೇಕು. ಕಾಗದದ ಮೇಲೆ ಇದು ಸೊಗಸಾಗಿ ಕಾಣುತ್ತದೆ. ತೊಟ್ಟಿಯೊಳಗಿನ ಜೀವಿಗಳು ಕಾಗದ ಓದುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಸ್ಥಾವರದಲ್ಲಿ ಸಾಲು ರಜೆ ಮುಗಿದ ಮರುದಿನ ಮೂರು ದಿನದ ಕಸ ಒಟ್ಟಿಗೆ ಬಂದು ನಿಂತಿತು. ಅದನ್ನು ಹೊರಗೆ ಇಟ್ಟರೆ ವಾಸನೆಯ ದೂರು ಬರುತ್ತದೆಂದು ಮೇಲಿನವರು ಹೇಳಿದರು, ನಾನು ಗಟ್ಟಿಯಾಗಿ ಬೇಡ ಎನ್ನಲಿಲ್ಲ, ಎಲ್ಲವನ್ನೂ ಸಂಜೆಯೊಳಗೆ ತೊಟ್ಟಿಗೆ ಉಣಿಸಿದೆವು. ಮೊದಲ ದಿನ ಅನಿಲ ಹೆಚ್ಚಾಯಿತು, ಎಲ್ಲರಿಗೂ ಖುಷಿ. ಎರಡನೆಯ ದಿನ ನೋಟದ ಗಾಜಿನ ಹಿಂದೆ ಕಂದು ನೊರೆ ಏರತೊಡಗಿತು. ಮೂರನೆಯ ದಿನ ಮಾದರಿಯ ಬಾಟಲಿಯ ಮುಚ್ಚಳ ತೆಗೆದಾಗ ಎಂದಿನ ಕೆಸರಿನ ವಾಸನೆಯ ಜಾಗದಲ್ಲಿ ಹುಳಿ ವಾಸನೆ ಮೂಗಿಗೆ ಬಡಿಯಿತು. ಆಮ್ಲ ಮತ್ತು ಕ್ಷಾರೀಯತೆಯ (ಆಮ್ಲವನ್ನು ತಾಳಿಕೊಳ್ಳುವ ಶಕ್ತಿಯ) ಅನುಪಾತ ಎಂದಿನಂತೆ 0.3ರ ಹತ್ತಿರ ಇರಬೇಕಾದದ್ದು 0.9 ತೋರಿಸುತ್ತಿತ್ತು, ಮೀಥೇನ್ ಶೇ. 61ರಿಂದ 47ಕ್ಕೆ ಜಾರಿತ್ತು. ಪಿಎಚ್ ಮೀಟರ್ ಮಾತ್ರ ಅಲ್ಲಿಯವರೆಗೂ ಏನೂ ಆಗಿಲ್ಲವೆಂಬಂತೆ 7ರ ಮೇಲೆಯೇ ಕೂತಿತ್ತು. ಇದನ್ನು ಹೊಸಬರು ಮರೆಯಬಾರದು: ಕ್ಷಾರೀಯತೆ ಖಾಲಿಯಾಗುವವರೆಗೆ ಪಿಎಚ್ ಅಲುಗಾಡುವುದಿಲ್ಲ, ಅದು ಇಳಿದದ್ದು ಕಂಡಾಗ ಕೈ ಮೀರಿರುತ್ತದೆ.

ಕಾರಣ ಸರಳ. ಹಿಟ್ಟು, ಸಕ್ಕರೆ, ಕೊಬ್ಬನ್ನು ಒಡೆದು ಆಮ್ಲ ಮಾಡುವ ಬ್ಯಾಕ್ಟೀರಿಯಾ ಗಂಟೆಗಳಲ್ಲಿ ಇಮ್ಮಡಿಯಾಗುತ್ತವೆ. ಆ ಆಮ್ಲವನ್ನು ತಿಂದು ಮೀಥೇನ್ ಮಾಡುವ ಜೀವಿಗಳು ಬ್ಯಾಕ್ಟೀರಿಯಾಗಳೇ ಅಲ್ಲ, ಆರ್ಕಿಯಾ ಎಂಬ ಬೇರೆ ಗುಂಪಿನವು. ಅವು ಇಮ್ಮಡಿಯಾಗಲು ದಿನಗಳೇ ಬೇಕು. ಬಡಿಸುವವರು ಓಡುತ್ತಿದ್ದಾರೆ, ಉಣ್ಣುವವರು ನಿಧಾನ ಎಂಬಂಥ ಸ್ಥಿತಿ. ನಾವು ಹನ್ನೆರಡು ದಿನ ಉಣಿಸುವುದನ್ನು ನಿಲ್ಲಿಸಿ, ಸೋಡಿಯಂ ಬೈಕಾರ್ಬನೇಟ್ ಕೊಟ್ಟು, ಪಕ್ಕದ ತೊಟ್ಟಿಯಿಂದ ಆರೋಗ್ಯವಾದ ಬಗ್ಗಡ ತಂದು ಸೇರಿಸಿದ ಮೇಲೆ ತೊಟ್ಟಿ ಚೇತರಿಸಿಕೊಂಡಿತು. ಆ ಹನ್ನೆರಡು ದಿನ ಬಂದ ಕಸ ಎಲ್ಲಿಗೆ ಹೋಯಿತು ಎಂದು ಕೇಳುತ್ತೀರಾ? ಬಾವಿಕಾವಲು ಅವರ ಗುಡ್ಡಕ್ಕೇ.

ಹೀಗಾಗಿ ಯಾರಾದರೂ ಸ್ಥಾವರದ ಯೋಜನೆ ತೋರಿಸಿದಾಗ ನಾನು ಎಂಜಿನ್ ಎಷ್ಟು ದೊಡ್ಡದು ಎಂದು ಮೊದಲು ಕೇಳುವುದಿಲ್ಲ. ಕಸವನ್ನು ಬೇರ್ಪಡಿಸುವುದು ಎಲ್ಲಿ, ಹೆಚ್ಚಾಗಿ ಬಂದ ದಿನ ತಡೆದಿಟ್ಟುಕೊಳ್ಳುವ ತೊಟ್ಟಿ ಎಷ್ಟು ದಿನದ್ದು ಎಂದು ಕೇಳುತ್ತೇನೆ. ಮಿಶ್ರ ಕಸ ಬಂದರೆ ಪಂಪಿನ ರೆಕ್ಕೆಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳುತ್ತದೆ, ಮರಳು ಮತ್ತು ಗಾಜಿನ ಚೂರು ತಳದಲ್ಲಿ ಕೂತು ವರ್ಷ ಕಳೆದಂತೆ ತೊಟ್ಟಿಯ ಗಾತ್ರವನ್ನೇ ನುಂಗುತ್ತವೆ. ಯುರೋಪಿನ ಒಕ್ಕೂಟ ತನ್ನ ಸದಸ್ಯ ದೇಶಗಳಲ್ಲಿ ಜೈವಿಕ ತ್ಯಾಜ್ಯವನ್ನು 2023ರ ಕೊನೆಯೊಳಗೆ ಮೂಲದಲ್ಲೇ ಬೇರ್ಪಡಿಸಬೇಕು, ಇಲ್ಲವೇ ಅಲ್ಲೇ ಗೊಬ್ಬರ ಮಾಡಬೇಕು ಎಂದು ಕಡ್ಡಾಯ ಮಾಡಿತು. ನನ್ನ ಮಟ್ಟಿಗೆ ಯಂತ್ರಗಳಿಗೆ ಕೊಡುವ ಯಾವ ಸಹಾಯಧನಕ್ಕಿಂತಲೂ ಆ ನಿಯಮ ದೊಡ್ಡದು.

ಎಂಜಿನ್‌ಮನೆ

ಎರಡೂ ಕಡೆಯ ಅನಿಲ ಕೊನೆಗೆ ಬರುವುದು ನಮ್ಮ ಬಾಗಿಲಿಗೇ, ಆದ್ದರಿಂದ ಒಂದು ಮಾತು ಸೇರಿಸುತ್ತೇನೆ. ಇವೆರಡರ ಕೊಳೆ ಬೇರೆ ಬೇರೆ. ಡೈಜೆಸ್ಟರಿನ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಹೆಚ್ಚಿನ ಕಾಟ. ಕಬ್ಬಿಣದ ಲವಣವನ್ನು ತೊಟ್ಟಿಗೇ ಬೆರೆಸಿಯೋ, ಕಬ್ಬಿಣದ ಆಕ್ಸೈಡಿನ ಪದರದ ಮೂಲಕ ಹಾಯಿಸಿಯೋ ಅದನ್ನು ಹಿಡಿಯಬಹುದು. ಲ್ಯಾಂಡ್‌ಫಿಲ್ಲಿನ ಅನಿಲದಲ್ಲಿ ಇದರ ಜೊತೆಗೆ ಸಿಲೋಕ್ಸೇನ್ ಬರುತ್ತದೆ. ಶಾಂಪೂ, ಮುಖದ ಕ್ರೀಮುಗಳಲ್ಲಿ ಇರುವ ಸಿಲಿಕಾನ್ ಸಂಯುಕ್ತಗಳೇ ಅವು. ಉರಿದಾಗ ಮರಳಾಗುತ್ತವೆ. ಸಿಲಿಂಡರ್ ಹೆಡ್ ಬಿಚ್ಚಿದಾಗ ಸುಣ್ಣ ಬಳಿದಂತೆ ಬಿಳಿ ಪದರ ಕಂಡರೆ, ಉಗುರಿನಿಂದ ಕೆರೆದಾಗ ಅದು ಗಾಜಿನಂತೆ ಕಿರುಗುಟ್ಟಿದರೆ, ಬೇರೆ ಪರೀಕ್ಷೆ ಬೇಡ. ಇದನ್ನು ಹಿಡಿಯುವ ಇಂಗಾಲದ ಫಿಲ್ಟರ್ ಬದಲಿಸುವುದನ್ನು ಮುಂದೂಡಿ ಉಳಿಸಿದ ಹಣವನ್ನೆಲ್ಲ ವಾಲ್ವು ಮತ್ತು ಸ್ಪಾರ್ಕ್ ಪ್ಲಗ್ಗಿಗೆ ಸುರಿದವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಇನ್ನೊಂದು ಎಚ್ಚರಿಕೆ, ಇದು ಚರ್ಚೆಗೆ ಅಡ್ಡವಾದರೂ ಹೇಳಲೇಬೇಕು. ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು) ಹತ್ತಿರ ಬಂದಾಗ ಮೂಗಿಗೆ ತಿಳಿಯುವುದೇ ನಿಂತುಹೋಗುತ್ತದೆ. ವಾಸನೆ ಹೋಯಿತು ಎಂದು ಗುಂಡಿಗೆ ಇಳಿಯುವವರು ಮೇಲೆ ಬರುವುದಿಲ್ಲ.

ಹೊಸ ಓದುಗ

ಒಂದು ದಡ್ಡ ಪ್ರಶ್ನೆ. ಇಷ್ಟೆಲ್ಲ ತಾಪತ್ರಯ ಏಕೆ? ಗುಡ್ಡಕ್ಕೆ ದಪ್ಪನೆಯ ಜೇಡಿಮಣ್ಣು ಹೊದಿಸಿ ಅನಿಲ ಹೊರಬಾರದಂತೆ ಮುಚ್ಚಿಬಿಟ್ಟರೆ ಆಗದೇ?

ಬಾವಿಕಾವಲು

ದಡ್ಡ ಪ್ರಶ್ನೆಯಲ್ಲ, ಒಂದು ಕಾಲದಲ್ಲಿ ಹಾಗೇ ಮಾಡುತ್ತಿದ್ದರು. ಮೇಲೆ ಮುಚ್ಚಿದರೆ ಅನಿಲ ಪಕ್ಕಕ್ಕೆ ಹೊರಡುತ್ತದೆ. ಇಂಗ್ಲೆಂಡಿನ ಡರ್ಬಿಶೈರ್ ಕೌಂಟಿಯ ಲಾಸ್ಕೋದಲ್ಲಿ 1986ರ ಮಾರ್ಚ್ 24ರ ಬೆಳಗ್ಗೆ ಹತ್ತಿರದ ಲ್ಯಾಂಡ್‌ಫಿಲ್ಲಿನಿಂದ ನೆಲದೊಳಗಿನ ಬಿರುಕುಗಳಲ್ಲಿ ಹರಿದು ಬಂದ ಅನಿಲ ಒಂದು ಮನೆಯ ಕೆಳಗೆ ಸೇರಿ ಸ್ಫೋಟಿಸಿತು. ಮನೆ ನೆಲಸಮವಾಯಿತು, ಮೂವರಿಗೆ ಗಾಯಗಳಾದವು. ಅಂದು ವಾಯುಭಾರ ಏಳು ಗಂಟೆಗಳಲ್ಲಿ 29 ಮಿಲಿಬಾರ್ ಕುಸಿದಿತ್ತು. ಹೊರಗಿನ ಒತ್ತಡ ಇಳಿದಾಗ ನೆಲದೊಳಗಿನ ಅನಿಲ ಉಬ್ಬಿ ಹೊರಗೆ ನುಗ್ಗುತ್ತದೆ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರವರೆಗೆ ಇದ್ದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು.

ಮಣ್ಣುಪರೀಕ್ಷೆ

ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡದ ಮಾತನ್ನು ಯಾರೂ ಎತ್ತಲಿಲ್ಲ. ತೊಟ್ಟಿಗೆ ಹೋದ ಸಾರಜನಕ, ರಂಜಕ, ಪೊಟ್ಯಾಶಿಯಂ ಅನಿಲದ ಜೊತೆ ಹೋಗುವುದಿಲ್ಲ, ಬಗ್ಗಡದಲ್ಲೇ ಉಳಿಯುತ್ತವೆ. ಸಾರಜನಕದ ದೊಡ್ಡ ಪಾಲು ಅಮೋನಿಯಂ ರೂಪಕ್ಕೆ ಬಂದಿರುವುದರಿಂದ ಬೆಳೆಗೆ ಬೇಗ ಒದಗುತ್ತದೆ. ಗುಡ್ಡದಲ್ಲಿ ಹೂತ ಕಸದ ಪೋಷಕಾಂಶವಾದರೋ ಲೀಚೇಟಿನಲ್ಲಿ (ಕಸದಿಂದ ಇಳಿಯುವ ಕೊಳೆನೀರಿನಲ್ಲಿ) ಹರಿದು ನೀರಿಗೆ ಶತ್ರುವಾಗುತ್ತದೆ. ಆದರೆ ಎರಡು ಷರತ್ತುಗಳಿವೆ. ಬಗ್ಗಡವನ್ನು ತೆರೆದ ಹೊಂಡದಲ್ಲಿ ಇಟ್ಟರೆ ಉಳಿದ ಮೀಥೇನ್ ಮತ್ತು ಅಮೋನಿಯಾ ಎರಡೂ ಹಾರಿಹೋಗುತ್ತವೆ. ಬೇರ್ಪಡಿಸದ ಕಸದಿಂದ ಬಂದ ಬಗ್ಗಡವನ್ನು ಹೊಲಕ್ಕೆ ಹಾಕಿದರೆ ಪ್ಲಾಸ್ಟಿಕ್ಕಿನ ಕಣಗಳನ್ನು ಬಿತ್ತಿದಂತಾಗುತ್ತದೆ, ಅವನ್ನು ಮತ್ತೆ ಹೆಕ್ಕುವ ಉಪಾಯ ಯಾರ ಬಳಿಯೂ ಇಲ್ಲ.

ಸಂದೇಹಿ

ಮಣ್ಣುಪರೀಕ್ಷೆ ಅವರು ಹಾರಿಹೋಗುವ ಮೀಥೇನಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ತೊಟ್ಟಿಯ ಮುಚ್ಚಳ, ಎಂಜಿನ್ನಿನ ಹೊಗೆ, ಶುದ್ಧೀಕರಣ ಘಟಕ, ಎಲ್ಲ ಕಡೆ ಸ್ವಲ್ಪ ಸ್ವಲ್ಪ ಸೋರಿದರೆ ಬಾವಿಕಾವಲು ಹೇಳಿದ 27 ಕಿಲೋ ಲೆಕ್ಕ ಡೈಜೆಸ್ಟರಿನವರಿಗೇ ತಿರುಗುಬಾಣವಾಗುವುದಿಲ್ಲವೇ?

ತೊಟ್ಟಿಪಾಲಕಿ

ಖಂಡಿತ ಆಗುತ್ತದೆ. ಅದಕ್ಕೇ ಅನಿಲ ಕ್ಯಾಮೆರಾ ಹಿಡಿದು ವರ್ಷಕ್ಕೊಮ್ಮೆಯಾದರೂ ಮುಚ್ಚಳದ ಅಂಚು, ಸುರಕ್ಷತಾ ವಾಲ್ವು, ಫ್ಲ್ಯಾಂಜುಗಳನ್ನು (ಕೊಳವೆಯ ಜೋಡಣೆಗಳನ್ನು) ನೋಡಬೇಕು. ಸೋರಿಕೆಯ ದೊಡ್ಡ ಪಾಲು ಬಹಳ ಸಲ ಒಂದೆರಡು ಜಾಗದಲ್ಲೇ ಇರುತ್ತದೆ. ಎಂಜಿನ್ ನಿಂತಾಗ ಅನಿಲ ಹೋಗಲು ಫ್ಲೇರ್ ಇಲ್ಲದ ಸ್ಥಾವರವನ್ನು ನಾನು ಸ್ಥಾವರವೆಂದೇ ಒಪ್ಪುವುದಿಲ್ಲ. ಸುರಕ್ಷತಾ ವಾಲ್ವು ತೆರೆದು ಕಳೆದ ಒಂದು ರಾತ್ರಿ ಎಷ್ಟೋ ದಿನಗಳ ಒಳ್ಳೆಯ ಕೆಲಸವನ್ನು ಅಳಿಸಿಹಾಕುತ್ತದೆ.

ಹಳೆಗುಡ್ಡ

ನನ್ನದು ನೇರ ಪ್ರಶ್ನೆ, ಬಾವಿಕಾವಲು ಅವರಿಗೆ. ಮುಚ್ಚಿ 25 ವರ್ಷವಾದ ಒಂದು ಸಣ್ಣ ಲ್ಯಾಂಡ್‌ಫಿಲ್ ನಮ್ಮ ಉಸ್ತುವಾರಿಯಲ್ಲಿದೆ, ಆರು ಬಾವಿಗಳಿವೆ. ಮುಖ್ಯ ಕೊಳವೆಯಲ್ಲಿ ಗಂಟೆಗೆ 60 ಘನ ಮೀಟರ್ ಹರಿವು, ಮೀಥೇನ್ ಶೇ. 28, ಇಂಗಾಲದ ಡೈಆಕ್ಸೈಡ್ 24, ಆಮ್ಲಜನಕ 1.5, ಉಳಿದದ್ದು 46.5. ಸಣ್ಣ ಎಂಜಿನ್ ಕೂರಿಸಬಹುದೇ ಎಂದು ಮೇಲಿನವರು ಕೇಳುತ್ತಿದ್ದಾರೆ.

ಬಾವಿಕಾವಲು

ಸರ್, ಆ 46.5 ನಿಮ್ಮ ಉತ್ತರ. ಅದು ಬಹುಮಟ್ಟಿಗೆ ಸಾರಜನಕ, ಅಂದರೆ ಹೊರಗಿನ ಗಾಳಿ. ಗಾಳಿಯ ಜೊತೆ ಒಳಗೆ ಹೋದ ಆಮ್ಲಜನಕವನ್ನು ಜೀವಿಗಳು ದಾರಿಯಲ್ಲೇ ತಿಂದುಬಿಟ್ಟಿವೆ, ಸಾರಜನಕವನ್ನು ತಿನ್ನುವವರಿಲ್ಲದೆ ಅದು ಹಾಗೇ ಬಂದಿದೆ. ಆಮ್ಲಜನಕದ ಅಂಕಿ ಸಣ್ಣದೆಂದು ಸಮಾಧಾನ ಪಡಬೇಡಿ. ಗುಡ್ಡ ಕೊಡುವುದಕ್ಕಿಂತ ಹೆಚ್ಚು ನೀವು ಹೀರುತ್ತಿದ್ದೀರಿ. ಹೀಗೇ ಮುಂದುವರಿದರೆ ಒಳಗೆ ಕಸ ಹೊತ್ತಿಕೊಳ್ಳಬಹುದು. ಬಾವಿಗಳ ಉಷ್ಣತೆ ಮತ್ತು ಕಾರ್ಬನ್ ಮೊನಾಕ್ಸೈಡನ್ನು ಈ ವಾರವೇ ಅಳೆಯಿರಿ. ಪ್ರತಿ ಬಾವಿಯ ವಾಲ್ವನ್ನೂ ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬನ್ನಿ, ಒಂದೇ ದಿನ ಅಲ್ಲ. ಹೀರುವ ಒತ್ತಡ ತೋರಿಸುವ ಮುಳ್ಳು ಹಿಂದೆ ಮುಂದೆ ತೂಗಾಡುತ್ತಿದ್ದರೆ, ಕೊಳವೆಗೆ ಕಿವಿಯಿಟ್ಟಾಗ ಗುಳುಗುಳು ಸದ್ದು ಕೇಳಿದರೆ, ಗುಡ್ಡ ಕುಸಿದು ಕೊಳವೆ ಬಾಗಿದ ಕಡೆ ನೀರು ನಿಂತಿದೆ ಎಂದರ್ಥ. ಅದನ್ನು ಮೊದಲು ಇಳಿಜಾರಿಗೆ ತನ್ನಿ.

ಹಳೆಗುಡ್ಡ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಉಷ್ಣತೆ ಮತ್ತು ಕಾರ್ಬನ್ ಮೊನಾಕ್ಸೈಡ್ ಆತಂಕಪಡುವಂತಿಲ್ಲ. ಎರಡನೆಯ ಮತ್ತು ಮೂರನೆಯ ಬಾವಿಯ ನಡುವೆ ನೀರು ನಿಂತಿದ್ದು ನಿಜ, ಸರಿಪಡಿಸಿದೆವು. ಈಗ ಹರಿವು ಗಂಟೆಗೆ 22 ಘನ ಮೀಟರ್; ಮೀಥೇನ್ ಶೇ. 41, ಇಂಗಾಲದ ಡೈಆಕ್ಸೈಡ್ 33, ಆಮ್ಲಜನಕ 0.8, ಉಳಿದದ್ದು 25.2.

ಬಾವಿಕಾವಲು

ಈಗ ಗುಡ್ಡದ ನಿಜವಾದ ಉಸಿರು ಕಾಣುತ್ತಿದೆ. 22 ಘನ ಮೀಟರಿನಲ್ಲಿ ಶೇ. 41 ಎಂದರೆ ಗಂಟೆಗೆ ಸುಮಾರು 9 ಘನ ಮೀಟರ್ ಮೀಥೇನ್, ಹೆಚ್ಚುಕಡಿಮೆ 90 ಕಿಲೋವ್ಯಾಟ್ ಶಾಖ. ಸಣ್ಣ ಎಂಜಿನ್ನಿನಲ್ಲಿ 30 ಕಿಲೋವ್ಯಾಟ್ ವಿದ್ಯುತ್ತಾದೀತು, ಅದೂ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗುತ್ತದೆ, ಸಾರಜನಕ ಇನ್ನೂ ಇಳಿಯದಿದ್ದರೆ ಎಂಜಿನ್ ತೊದಲುತ್ತಲೂ ಇರುತ್ತದೆ. ನಾನಾಗಿದ್ದರೆ ಎಂಜಿನ್ ಕೂರಿಸುತ್ತಿರಲಿಲ್ಲ. ಕಡಿಮೆ ಶಾಖದ ಅನಿಲಕ್ಕೆಂದೇ ಮಾಡಿದ ಸಣ್ಣ ಫ್ಲೇರ್ ಹಾಕಿ, ಬಾವಿಗಳ ನಡುವಿನ ಹೊದಿಕೆಯ ಮೇಲೆ ಚೆನ್ನಾಗಿ ಮಾಗಿದ ಕಾಂಪೋಸ್ಟಿನ ಪದರ ಹರಡಿ. ಅದರಲ್ಲಿ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ನೆಲೆಯಾಗಿ, ನೀವು ಹೀರದೆ ಬಿಟ್ಟದ್ದರಲ್ಲಿ ಒಂದು ಪಾಲನ್ನು ಅವೇ ಮುಗಿಸುತ್ತವೆ. ವಾಲ್ವು ಮುಚ್ಚಿದ್ದರಿಂದ ಮೇಲ್ಮೈಯಲ್ಲಿ ಸೋರಿಕೆ ಹೆಚ್ಚಿತೇ ಎಂಬುದನ್ನು ಕೈಯಲ್ಲಿ ಹಿಡಿಯುವ ಮೀಟರಿನಿಂದ ಒಮ್ಮೆ ನಡೆದು ನೋಡಿ, ವಾಯುಭಾರ ಇಳಿಯುತ್ತಿರುವ ದಿನವನ್ನೇ ಆರಿಸಿಕೊಂಡು. ಅಂಕಿಗಳು ಬಂದ ಮೇಲೆ ಇಲ್ಲಿಯೇ ಹಾಕಿ.